ಗೇಮಿಂಗ್ ಕನ್ವೆನ್ಷನ್‌ನಲ್ಲಿ ನಿಮ್ಮ ಹಾಸ್ಯ ಚಿತ್ರ ತೋರಿಸುವುದು ಹೇಗೆ? ಅರ್ಜಿಯಿಂದ ಎರಡನೇ ಶೋವರೆಗೆ

ಹಾಸ್ಯ ಚಿತ್ರಕ್ಕೆ ತುಂಬಿದ ಕೋಣೆ ಬೇಕು. ದೊಡ್ಡ ಹಾಲಿನಲ್ಲಿ ಹತ್ತು ಜನ ಚದುರಿ ಕೂತರೆ ಒಳ್ಳೆ ಜೋಕಿಗೂ ನಗು ಏಳುವುದಿಲ್ಲ. ಅದೇ ಜೋಕನ್ನು ನೂರು ಜನ ಒತ್ತಾಗಿ ಕೂತು ಕೇಳಿದರೆ ಹಿಂದಿನ ಸಾಲಿನವರು ನಕ್ಕಿದ್ದಕ್ಕೇ ಮುಂದಿನ ಸಾಲಿನವರು ನಗುತ್ತಾರೆ. ಸ್ವಂತ ದುಡ್ಡು ಹಾಕಿ ಸಣ್ಣ ಚಿತ್ರ ಮಾಡಿದವರಿಗೆ ಇಂಥ ಕೋಣೆ ಸಿಗುವುದು ಕಷ್ಟ. ಚಿತ್ರ ಆಟಗಳ ಬಗ್ಗೆ, ಆಟ ಆಡುವವರ ಬಗ್ಗೆ ಇದ್ದರೆ ಅಂಥ ಕೋಣೆ ಗೇಮಿಂಗ್ ಕನ್ವೆನ್ಷನ್‌ನಲ್ಲಿ, ಅಂದರೆ ಮೇಜಿನ ಸುತ್ತ ಕೂತು ಆಡುವ ಆಟಗಳ ಅಭಿಮಾನಿಗಳು ಸೇರುವ ಮೇಳದಲ್ಲಿ, ಸಿಗುತ್ತದೆ. 20 ಮುಖದ ದಾಳದಲ್ಲಿ 1 ಬಿದ್ದರೆ ಆಡುವವರ ಪಾಡು ಎಷ್ಟು ಕೆಡುತ್ತದೆ ಅಂತ ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಅಮೆರಿಕದ ಜೆನ್ ಕಾನ್ ಅನ್ನು ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. 1968ರಲ್ಲಿ ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಊರಿನಲ್ಲಿ ಆಟಗಳನ್ನು ರೂಪಿಸುತ್ತಿದ್ದ ಗ್ಯಾರಿ ಗೈಗ್ಯಾಕ್ಸ್ ಶುರು ಮಾಡಿದ ಮೇಳ ಇದು. 2003ರಿಂದ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುತ್ತಿದೆ. ಜುಲೈ ಕೊನೆ ಅಥವಾ ಆಗಸ್ಟ್ ಮೊದಲಲ್ಲಿ, ಗುರುವಾರದಿಂದ ಭಾನುವಾರದವರೆಗೆ ನಾಲ್ಕು ದಿನ. ಈಚಿನ ವರ್ಷಗಳಲ್ಲಿ 70 ಸಾವಿರಕ್ಕೂ ಜಾಸ್ತಿ ಜನ ಬಂದಿದ್ದಾರೆ. ಆಟಗಳ ಜೊತೆಗೆ ಸಿನಿಮಾಕ್ಕೂ ಅಲ್ಲಿ ಬೇರೆಯೇ ಒಂದು ವಿಭಾಗ ಇದೆ.

ಇಂಥ ಜನ ಸಿಕ್ಕರೆ ಏನಾಗುತ್ತದೆ ಅನ್ನುವುದಕ್ಕೆ ಕಣ್ಣೆದುರಿನ ದಾಖಲೆಯೂ ಇದೆ. ವಾಷಿಂಗ್ಟನ್ ರಾಜ್ಯದ ಪೆಸಿಫಿಕ್ ಲೂಥರನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಡೆಡ್ ಜಂಟಲ್‌ಮೆನ್ ಎಂಬ ಗೆಳೆಯರ ತಂಡ 2002ರಲ್ಲಿ 'ದಿ ಗೇಮರ್ಸ್' ಅಂತ ಒಂದು ಗಂಟೆಗಿಂತ ಚಿಕ್ಕ ಹಾಸ್ಯ ಚಿತ್ರ ಮಾಡಿತು. ಅದಕ್ಕೆ ಸ್ಟುಡಿಯೊ ಬೆಂಬಲ ಇರಲಿಲ್ಲ, ಸ್ಟಾರ್‌ಗಳೂ ಇರಲಿಲ್ಲ. ಚಿತ್ರವನ್ನು ಎತ್ತಿಕೊಂಡವರು ಆಟಗಾರರು. ಅದೇ ಸರಣಿಯ ಮೂರನೇ ಚಿತ್ರಕ್ಕೆ 2012ರಲ್ಲಿ ಜನರಿಂದ ದುಡ್ಡು ಕೂಡಿಸುವ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ 4 ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿತು.

ಹೆಜ್ಜೆ 1: ಚಿತ್ರದ ಉದ್ದ ನೋಡಿ

ಕನ್ವೆನ್ಷನ್‌ಗೆ ಬಂದವರ ಸಮಯ ಗಂಟೆಗಳ ಲೆಕ್ಕದಲ್ಲಿ ಹಂಚಿಹೋಗಿರುತ್ತದೆ. ಆಡುವವರೇ ಕಥೆಯ ಪಾತ್ರಗಳಾಗುವ ಒಂದು ರೋಲ್ ಪ್ಲೇಯಿಂಗ್ ಆಟಕ್ಕೇ ನಾಲ್ಕು ಗಂಟೆ ಹಿಡಿಯುತ್ತದೆ. ಅದರ ನಡುವೆ ನಿಮ್ಮ ಚಿತ್ರಕ್ಕೆ ಎರಡು ಗಂಟೆ ಬಿಟ್ಟುಕೊಡಲು ಜನ ಒಪ್ಪಬಹುದು. ಮೂರು ಗಂಟೆ ಅಂದರೆ ಕಷ್ಟ. ಎರಡು ಗಂಟೆಯ ಸ್ಲಾಟಿನಲ್ಲಿ ಜನ ಒಳಗೆ ಬಂದು ಕೂರಲು ಹತ್ತು ನಿಮಿಷ, ಪರಿಚಯಕ್ಕೆ ಎರಡು ನಿಮಿಷ, ಕೊನೆಯ ಪ್ರಶ್ನೋತ್ತರಕ್ಕೆ ಹದಿನೈದು ನಿಮಿಷ, ಕೋಣೆ ಖಾಲಿ ಮಾಡಲು ಹತ್ತು ನಿಮಿಷ ತೆಗೆಯಿರಿ. ಚಿತ್ರಕ್ಕೆ ಉಳಿಯುವುದು 80ರಿಂದ 85 ನಿಮಿಷ. ನಿಮ್ಮದು 100 ನಿಮಿಷ ಇದ್ದರೆ ಪ್ರಶ್ನೋತ್ತರ ಬಿಡಬೇಡಿ. ಚಿತ್ರವನ್ನೇ ಇನ್ನೊಮ್ಮೆ ಎಡಿಟ್ ಟೇಬಲ್ಲಿಗೆ ಹಾಕಿ. ಹಾಸ್ಯಕ್ಕೆ ಅದರಿಂದ ಒಳ್ಳೆಯದೇ ಆಗುತ್ತದೆ.

ಕಿರುಚಿತ್ರ ಆದರೆ ಅದೊಂದಕ್ಕೇ ಸ್ಲಾಟ್ ಕೇಳಬೇಡಿ. ಕನ್ವೆನ್ಷನ್‌ನ ಸಿನಿಮಾ ವಿಭಾಗಕ್ಕೆ ಕಳಿಸಿ, ಬೇರೆ ಕಿರುಚಿತ್ರಗಳ ಜೊತೆ ಓಡಲಿ.

ಹೆಜ್ಜೆ 2: ಹಕ್ಕುಗಳನ್ನು ಮೊದಲೇ ಬಗೆಹರಿಸಿಕೊಳ್ಳಿ

ಅರ್ಜಿ ಹಾಕುವ ಮುಂಚೆಯೇ ಈ ಕೆಲಸ ಮುಗಿಯಬೇಕು. ಯಾಕೆಂದರೆ ನೀವು ಬಳಸಿಕೊಂಡ ಆಟದ ಮಾಲೀಕರೇ ಅದೇ ಮೇಳದಲ್ಲಿ ದೊಡ್ಡ ಸ್ಟಾಲ್ ಹಾಕಿಕೊಂಡು ಕೂತಿರುತ್ತಾರೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಹೆಸರಾಂತ ರೋಲ್ ಪ್ಲೇಯಿಂಗ್ ಆಟದ ಉದಾಹರಣೆ ನೋಡೋಣ. ಅದರ ಮಾಲೀಕರಾದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಗೆ ಅಭಿಮಾನಿಗಳ ಕೃತಿಗಳ ಬಗ್ಗೆ ಒಂದು ನೀತಿ ಇದೆ. ಅವರ ಪಾತ್ರ, ಲೋಕ, ಚಿತ್ರಗಳನ್ನು ಬಳಸಿದ ಕೃತಿಯನ್ನು ಜನರಿಗೆ ಉಚಿತವಾಗಿ ಕೊಡಬೇಕು ಅನ್ನುವುದು ಅದರ ಮುಖ್ಯ ಷರತ್ತು. ಕನ್ವೆನ್ಷನ್‌ನಲ್ಲಿ ನಿಮ್ಮ ಶೋಗೆ ಟಿಕೆಟ್ ಇದ್ದರೆ, ಅದು ಎರಡೇ ಡಾಲರ್ ಆದರೂ, ಪ್ರಶ್ನೆ ಏಳುತ್ತದೆ. ಆಗ ಬರವಣಿಗೆಯಲ್ಲಿ ಅನುಮತಿ ಕೇಳುವುದೇ ಸರಿಯಾದ ದಾರಿ. ಇನ್ನೊಂದು ದಾರಿಯೂ ಇದೆ. ಆಟದ ಮೂಲ ನಿಯಮಗಳ ಸಂಗ್ರಹವನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಡಿ ಬಿಟ್ಟಿದ್ದಾರೆ. ಅದರಲ್ಲಿ ಇರುವುದನ್ನು ಕ್ರೆಡಿಟ್ ಕೊಟ್ಟು ವ್ಯಾಪಾರಕ್ಕೂ ಬಳಸಬಹುದು. ಆದರೆ ಆ ಆಟದ ಲೋಕದ ಎಲ್ಲವೂ ಅದರೊಳಗೆ ಬರುವುದಿಲ್ಲ. ಅವರ ಹೆಸರಾಂತ ರಾಕ್ಷಸರಲ್ಲಿ ಕೆಲವರನ್ನು ಹೊರಗೇ ಇಟ್ಟಿದ್ದಾರೆ. ಹಾಗಾಗಿ ನಿಮ್ಮ ಚಿತ್ರದಲ್ಲಿರುವ ಒಂದೊಂದು ಹೆಸರನ್ನೂ ಆ ಸಂಗ್ರಹದ ಜೊತೆ ಕೂತು ಹೋಲಿಸಿ. ನನ್ನನ್ನು ಕೇಳಿದರೆ, ಚಿತ್ರಕ್ಕಾಗಿ ನೀವೇ ಒಂದು ಆಟ ಹುಟ್ಟಿಸುವುದು ಎಲ್ಲಕ್ಕಿಂತ ಒಳ್ಳೆಯದು. ಅದರ ನಿಯಮಗಳೇ ಹತ್ತು ಜೋಕು ಕೊಡುತ್ತವೆ.

ಮೇಜಿನ ಮೇಲಿನ ವಸ್ತುಗಳನ್ನೂ ಪಟ್ಟಿ ಮಾಡಿ. ಹಿಂದೆ ಗೋಡೆಯಲ್ಲಿರುವ ಪೋಸ್ಟರ್, ಕೈಯಲ್ಲಿರುವ ಕಾರ್ಡಿನ ಚಿತ್ರ, ಪೆಟ್ಟಿಗೆಯ ಮೇಲಿನ ಲೋಗೊ, ಎಲ್ಲವೂ ಯಾರದ್ದೋ ಸ್ವತ್ತು.

ಸಂಗೀತದ ವಿಷಯದಲ್ಲಿ ಒಂದು ಗುಂಡಿ ಇದೆ. ಕಡಿಮೆ ಬೆಲೆಗೆ ಸಿಗುವ ಫೆಸ್ಟಿವಲ್ ಲೈಸೆನ್ಸ್ ಎಷ್ಟೋ ಸಲ ಚಲನಚಿತ್ರೋತ್ಸವಗಳಿಗೆ ಮಾತ್ರ. ಟಿಕೆಟ್ ಇಟ್ಟ ಕನ್ವೆನ್ಷನ್ ಅದರೊಳಗೆ ಬರುತ್ತದೋ ಇಲ್ಲವೋ ಕರಾರು ತೆಗೆದು ಓದಿ. ಹಾಡಿನ ರಚನೆಗೆ ಒಂದು ಅನುಮತಿ, ಆ ನಿರ್ದಿಷ್ಟ ರೆಕಾರ್ಡಿಂಗ್‌ಗೆ ಇನ್ನೊಂದು. ಎರಡೂ ಬೇಕು.

ದೊಡ್ಡ ಉತ್ಸವಗಳ ಆಸೆ ಇದ್ದರೆ ಪ್ರೀಮಿಯರ್ ಪ್ರಶ್ನೆಯನ್ನೂ ಈಗಲೇ ಯೋಚಿಸಿ. ಕೆಲವು ಸ್ಪರ್ಧೆಗಳು ಎಲ್ಲೂ ಸಾರ್ವಜನಿಕವಾಗಿ ತೋರಿಸದ ಪೂರ್ಣಾವಧಿ ಚಿತ್ರವನ್ನೇ ಕೇಳುತ್ತವೆ. ಕನ್ವೆನ್ಷನ್‌ನಲ್ಲಿ ತೋರಿಸಿದರೆ ಆ ಬಾಗಿಲು ಮುಚ್ಚಬಹುದು. ಆಟಗಾರರಿಗಾಗಿ ಮಾಡಿದ ಹಾಸ್ಯ ಚಿತ್ರವಾದರೆ ನಾನು ಕನ್ವೆನ್ಷನ್ ಅನ್ನೇ ಆರಿಸುತ್ತೇನೆ.

ಹೆಜ್ಜೆ 3: ಅರ್ಜಿ ಮತ್ತು ವಿವರಣೆ

ಜೆನ್ ಕಾನ್‌ನಂಥ ಕಡೆ ಎರಡು ದಾರಿ ಇವೆ. ಸಿನಿಮಾ ವಿಭಾಗದವರಿಗೆ ಚಿತ್ರ ಕಳಿಸಿ ಆಯ್ಕೆಗೆ ಕಾಯುವುದು ಒಂದು. ಆಟ ನಡೆಸುವವರ ಹಾಗೆ ನೀವೇ ಒಂದು ಕಾರ್ಯಕ್ರಮವಾಗಿ ನೋಂದಾಯಿಸುವುದು ಇನ್ನೊಂದು. ಯಾವುದು ನಿಮಗೆ ಹೊಂದುತ್ತದೆ ಅಂತ ಸಿನಿಮಾ ವಿಭಾಗದವರಿಗೇ ಇಮೇಲ್ ಬರೆದು ಕೇಳಿ. ಈ ಕೆಲಸ ಚಳಿಗಾಲದಲ್ಲೇ ಶುರುವಾಗಬೇಕು. ಮೇ ಹೊತ್ತಿಗೆ ಕಾರ್ಯಕ್ರಮಗಳ ಪಟ್ಟಿ ಹೊರಬಿದ್ದು, ಜನ ತಮಗೆ ಬೇಕಾದ್ದನ್ನು ವಿಶ್ ಲಿಸ್ಟ್‌ಗೆ ಹಾಕಿಕೊಂಡು ಟಿಕೆಟ್ ಕಾಯ್ದಿರಿಸುತ್ತಾರೆ. ಆ ಪಟ್ಟಿಯಲ್ಲಿ ಇಲ್ಲದ ಚಿತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ವಿವರಣೆ ಬರೆಯುವುದಕ್ಕೆ ಒಂದು ಪೂರ್ತಿ ದಿನ ಇಡಿ. ಆ ಪಟ್ಟಿಯಲ್ಲಿ ಸಾವಿರಾರು ಕಾರ್ಯಕ್ರಮಗಳು ಇರುತ್ತವೆ. ಓದುವವರು ಬೆರಳು ಓಡಿಸುತ್ತಾ ಹೋಗುತ್ತಾರೆ. 'ಗೆಳೆತನದ ಬಗ್ಗೆ ಮನ ಮುಟ್ಟುವ ಕಥೆ' ಅಂತ ಬರೆದರೆ ಬೆರಳು ನಿಲ್ಲುವುದಿಲ್ಲ. 'ಡಂಜನ್ ಮಾಸ್ಟರ್ ಮದುವೆ ಮಾಡಿಕೊಂಡು ಊರು ಬಿಡುತ್ತಿದ್ದಾಳೆ. ಆರು ವರ್ಷದ ಆಟವನ್ನು ಇವತ್ತು ರಾತ್ರಿ ಮುಗಿಸಬೇಕು' ಅಂತ ಬರೆದರೆ ನಿಲ್ಲುತ್ತದೆ. ಡಂಜನ್ ಮಾಸ್ಟರ್ ಅಂದರೆ ಕಥೆ ಹೇಳುತ್ತಾ ಆಟ ನಡೆಸುವವರು. ಮೊದಲ ವಾಕ್ಯದಲ್ಲೇ ಆಟ ಇರಲಿ, ತೊಂದರೆ ಇರಲಿ. ಚಿತ್ರದ ಉದ್ದ, ಪ್ರಶ್ನೋತ್ತರಕ್ಕೆ ಯಾರು ಇರುತ್ತಾರೆ, ಸಬ್‌ಟೈಟಲ್ ಇದೆಯೇ ಅನ್ನುವುದನ್ನೂ ಹೇಳಿ. ವಯಸ್ಸಿನ ಮಿತಿಯನ್ನು ಪ್ರಾಮಾಣಿಕವಾಗಿ ತುಂಬಿ. ಕೆಟ್ಟ ಬೈಗುಳ ಇರುವ ಚಿತ್ರಕ್ಕೆ ಎಲ್ಲರೂ ಬರಬಹುದು ಅಂತ ಹಾಕಿದರೆ ಎಂಟು ವರ್ಷದ ಮಗುವಿನ ಜೊತೆ ಬಂದ ಅಪ್ಪ ಅಮ್ಮ ಹತ್ತನೇ ನಿಮಿಷಕ್ಕೆ ಎದ್ದು ಹೋಗುತ್ತಾರೆ. ಅವರ ಜೊತೆ ಆ ಸಾಲಿನ ನಗುವೂ ಹೋಗುತ್ತದೆ.

ಇನ್ನು ತಂಡದ ಖರ್ಚು. ಒಳಗೆ ಬರಲು ಬ್ಯಾಡ್ಜ್, ಒಂದೊಂದು ಕಾರ್ಯಕ್ರಮಕ್ಕೂ ಬೇರೆ ಟಿಕೆಟ್, ಅಲ್ಲಿನ ಪದ್ಧತಿ ಹೀಗೆ. ನಿಮ್ಮ ತಂಡಕ್ಕೆ ಎಷ್ಟು ಬ್ಯಾಡ್ಜ್ ಕೊಡುತ್ತಾರೆ ಅಂತ ಮೊದಲೇ ಕೇಳಿ. ಹೋಟೆಲ್ ಕೋಣೆಗಳು ಬಹಳ ಬೇಗ ಮುಗಿಯುತ್ತವೆ. ಕರ್ನಾಟಕದಿಂದ ಹೋಗುವವರಾದರೆ ವೀಸಾ ಸಂದರ್ಶನಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಚಿತ್ರ ಆಯ್ಕೆಯಾದ ಮೇಲೆ ನೋಡೋಣ ಅಂದುಕೊಂಡರೆ ತಡವಾಗುತ್ತದೆ. ಅಲ್ಲೇ ಇರುವ ಗೆಳೆಯರೊಬ್ಬರನ್ನು ನಿಮ್ಮ ಬದಲಿಗೆ ಶೋ ನಡೆಸಿಕೊಡಲು ತಯಾರು ಮಾಡಿಟ್ಟಿರಿ.

ಹೆಜ್ಜೆ 4: ಚಿಕ್ಕ ಕೋಣೆ, ಸಂಜೆಯ ಹೊತ್ತು, ಎರಡು ಶೋ

500 ಕುರ್ಚಿಯ ಹಾಲ್ ಕೊಡುತ್ತೇವೆ ಅಂದರೆ ಖುಷಿಯಾಗುತ್ತದೆ, ಅಲ್ವಾ? ಆದರೂ ಬೇಡ ಅನ್ನಿ. 120 ಜನ ಬಂದರು ಅಂದುಕೊಳ್ಳಿ. 500ರ ಹಾಲಿನಲ್ಲಿ ಅದು ಖಾಲಿ ಶೋ. 120ರ ಕೋಣೆಯಲ್ಲಿ ಅದೇ ಜನ ಹೌಸ್‌ಫುಲ್, ಹೊರಗೆ ಸಾಲು ಬೇರೆ. ಕುರ್ಚಿಗಳು ಜಾಸ್ತಿ ಇದ್ದರೆ ಹಿಂದಿನ ಸಾಲುಗಳನ್ನು ಹಗ್ಗ ಕಟ್ಟಿ ಮುಚ್ಚಿ, ಮುಂದಿನದು ತುಂಬಿದ ಮೇಲೆ ಬಿಚ್ಚಿ.

ಜೆನ್ ಕಾನ್‌ನಲ್ಲಿ ಮಾರಾಟದ ದೊಡ್ಡ ಹಾಲ್ ಗುರುವಾರದಿಂದ ಶನಿವಾರದವರೆಗೆ ಸಂಜೆ 6ಕ್ಕೆ ಮುಚ್ಚುತ್ತದೆ. ಆಮೇಲೆ ಜನ ಊಟ ಹುಡುಕುತ್ತಾರೆ. ಹಾಗಾಗಿ 8 ಗಂಟೆ ಒಳ್ಳೆಯ ಹೊತ್ತು. ಶನಿವಾರ ರಾತ್ರಿಯೇ ಬೇಕು ಅಂತ ಎಲ್ಲರೂ ಕೇಳುತ್ತಾರೆ. ನಾನಾದರೆ ಗುರುವಾರ ರಾತ್ರಿ ಒಂದು, ಶನಿವಾರ ಇನ್ನೊಂದು ಕೇಳುತ್ತೇನೆ. ಗುರುವಾರ ನೋಡಿ ನಕ್ಕವರು ಶುಕ್ರವಾರ ಪೂರ್ತಿ ಬೇರೆ ಬೇರೆ ಮೇಜುಗಳಲ್ಲಿ ಅಪರಿಚಿತರ ಜೊತೆ ಕೂತು ಆಡುತ್ತಾರೆ. ಆ ಮೇಜುಗಳಲ್ಲಿ ನಿಮ್ಮ ಚಿತ್ರದ ಮಾತು ಬರುತ್ತದೆ. ನಾಲ್ಕು ದಿನ ಒಂದೇ ಕಡೆ ಇರುವ ಜನ ಸಾಮಾನ್ಯ ಥಿಯೇಟರಿಗೆ ಸಿಗುವುದಿಲ್ಲ. ಒಂದೇ ಶೋ ಹಾಕಿ ಆ ಲಾಭ ಬಿಟ್ಟುಕೊಡಬೇಡಿ.

ಪಕ್ಕದ ಕೋಣೆಯಲ್ಲಿ ಏನಿದೆ ಅಂತಲೂ ವಿಚಾರಿಸಿ. ಹೋಟೆಲ್ ಬಾಲ್‌ರೂಮ್‌ಗಳನ್ನು ಸರಿಸುವ ಗೋಡೆ ಹಾಕಿ ಭಾಗ ಮಾಡಿರುತ್ತಾರೆ. ಆ ಗೋಡೆ ಸದ್ದು ತಡೆಯುವುದಿಲ್ಲ. ಆಚೆ ಹರಾಜು ನಡೆಯುತ್ತಿದ್ದರೆ ನಿಮ್ಮ ಮೆಲು ಮಾತಿನ ಜೋಕುಗಳೆಲ್ಲ ಹೋದ ಹಾಗೆ.

ಹೆಜ್ಜೆ 5: ಕೋಣೆಯ ಸಲಕರಣೆ

ಅದು ಥಿಯೇಟರ್ ಅಲ್ಲ ಅನ್ನುವುದನ್ನು ಮರೆಯಬೇಡಿ. ನೆಲ ಸಮತಟ್ಟು. ಪರದೆಯ ಕೆಳಗಿನ ಕಾಲುಭಾಗ ಮುಂದಿನವರ ತಲೆಗಳ ಹಿಂದೆ ಹೋಗುತ್ತದೆ. ಸಬ್‌ಟೈಟಲ್ ಇರುವುದು ಅಲ್ಲೇ. ಪರದೆಯ ಕೆಳ ಅಂಚು ನೆಲದಿಂದ ಕನಿಷ್ಠ ನಾಲ್ಕು ಅಡಿ ಮೇಲಿರಲಿ ಅಂತ ಕೇಳಿ. ಕುರ್ಚಿಗಳನ್ನು ಒಂದರ ಹಿಂದೆ ಒಂದು ಇಡದೆ, ಎರಡು ಕುರ್ಚಿಗಳ ಸಂದಿಗೆ ಹಿಂದಿನ ಕುರ್ಚಿ ಬರುವ ಹಾಗೆ ಇಡಿಸಿ. ಕೊನೆಯ ಸಾಲು ಪರದೆಯ ಎತ್ತರದ ಆರು ಪಟ್ಟಿಗಿಂತ ದೂರ ಇರಬಾರದು.

ಪ್ರೊಜೆಕ್ಟರ್‌ನ ಬೆಳಕು 5000 ಲ್ಯೂಮೆನ್ಸ್ ಅಥವಾ ಹೆಚ್ಚು ಇರಲಿ. ತುರ್ತು ದಾರಿಯ ದೀಪಗಳು ಉರಿಯುತ್ತಲೇ ಇರುತ್ತವೆ, ಕೋಣೆ ಪೂರ್ತಿ ಕತ್ತಲಾಗುವುದಿಲ್ಲ. ಪರದೆಗೆ ನೇರವಾಗಿ ಬೀಳುವ ದೀಪವನ್ನಾದರೂ ಆರಿಸಲು ಆಗುತ್ತದೆಯೇ ಕೇಳಿ.

ಧ್ವನಿಯ ಬಗ್ಗೆ ಹಟ ಹಿಡಿಯಿರಿ. ಇಂಥ ಕೋಣೆಗಳಲ್ಲಿ ಸ್ಪೀಕರ್‌ಗಳು ಸೂರಿನಲ್ಲಿರುತ್ತವೆ. ಪ್ರಕಟಣೆಗೆ ಸಾಕು, ಸಿನಿಮಾಕ್ಕೆ ಸಾಲದು. ಪಾತ್ರ ಎದುರಿಗೆ ಮಾತಾಡುತ್ತಿದ್ದರೆ ದನಿ ತಲೆಯ ಮೇಲಿಂದ ಬರುತ್ತದೆ. ಪರದೆಯ ಎರಡೂ ಪಕ್ಕ ಸ್ಟ್ಯಾಂಡ್ ಮೇಲೆ ಒಂದೊಂದು ಸ್ಪೀಕರ್ ಬೇಕು ಅಂತ ಮೊದಲ ಇಮೇಲ್‌ನಲ್ಲೇ ಬರೆಯಿರಿ. ಲ್ಯಾಪ್‌ಟಾಪ್‌ನಿಂದ ಧ್ವನಿ ತೆಗೆಯುವಾಗ ಗುಂಯ್ ಅನ್ನುವ ಸದ್ದು ಬಂದರೆ ನಡುವೆ ಡಿಐ ಬಾಕ್ಸ್ ಎಂಬ ಸಣ್ಣ ಪೆಟ್ಟಿಗೆ ಹಾಕಿದರೆ ಹೋಗುತ್ತದೆ.

ಅಮೆರಿಕದ ಕನ್ವೆನ್ಷನ್ ಸೆಂಟರ್‌ಗಳಲ್ಲಿ ಸಲಕರಣೆ ಬಾಡಿಗೆಗೆ ಕೊಡಲು ಒಂದೇ ಕಂಪನಿಗೆ ಗುತ್ತಿಗೆ ಇರುವುದು ಸಾಮಾನ್ಯ. ಬಾಡಿಗೆ ದುಬಾರಿ. ಯಾವುದನ್ನು ಕನ್ವೆನ್ಷನ್ ಕೊಡುತ್ತದೆ, ಯಾವುದು ನಿಮ್ಮ ಖರ್ಚು, ಸ್ವಂತ ಪ್ರೊಜೆಕ್ಟರ್ ತರಬಹುದೇ ಅನ್ನುವುದನ್ನು ಬರವಣಿಗೆಯಲ್ಲೇ ಪಡೆಯಿರಿ. ಅಲ್ಲಿನ ಕರೆಂಟ್ 120 ವೋಲ್ಟ್, ಪ್ಲಗ್ ಬೇರೆ ಥರ. ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ.

ಹೆಜ್ಜೆ 6: ಚಿತ್ರದ ಫೈಲ್

ಥಿಯೇಟರಿಗೆ ಕೊಡುವ ಡಿಸಿಪಿ ಎಂಬ ಡಿಜಿಟಲ್ ಪ್ರತಿಯನ್ನು ಇಲ್ಲಿ ಓಡಿಸಲು ಬಹುಪಾಲು ಯಂತ್ರವೇ ಇರುವುದಿಲ್ಲ. ಸುಮ್ನೆ ಅದಕ್ಕೆ ಖರ್ಚು ಮಾಡಬೇಡಿ. 1920×1080 ಅಳತೆಯ ಎಚ್.264 ಎಂಪಿ4 ಫೈಲ್, 20ರಿಂದ 30 ಎಂಬಿಪಿಎಸ್ ಬಿಟ್‌ರೇಟ್, ಸ್ಟೀರಿಯೊ ಧ್ವನಿ. ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಇದು ಓಡುತ್ತದೆ. ಇನ್ನೂ ಒಳ್ಳೆಯ ಗುಣಮಟ್ಟದ, ಪ್ರೋರೆಸ್ ಮಾದರಿಯ ಒಂದು ಪ್ರತಿಯೂ ಜೊತೆಗಿರಲಿ. ಪೆನ್ ಡ್ರೈವ್ ಅನ್ನು ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ. ಹಳೆಯ ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಎರಡು ಡ್ರೈವ್, ಎರಡು ಬೇರೆ ಬ್ಯಾಗ್, ಎರಡು ಲ್ಯಾಪ್‌ಟಾಪ್.

ಥಿಯೇಟರಿನ ಸುತ್ತಲಿನ ಸ್ಪೀಕರ್‌ಗಳಿಗಾಗಿ ಮಾಡಿದ 5.1 ಧ್ವನಿ ಮಿಕ್ಸ್ ಅನ್ನು ಯಂತ್ರವೇ ಸ್ಟೀರಿಯೊಗೆ ಇಳಿಸಲಿ ಅಂತ ಬಿಟ್ಟರೆ ಮಾತು ಹಿಂದೆ ಸರಿದು ಸಂಗೀತ ಮುಂದೆ ಬರುತ್ತದೆ. ಸ್ಟೀರಿಯೊ ಮಿಕ್ಸ್ ಬೇರೆಯಾಗಿಯೇ ಮಾಡಿಸಿ, ಮಾತನ್ನು ಸ್ವಲ್ಪ ಎತ್ತಿ. ಜನ ನಗುವ ಕೋಣೆಯಲ್ಲಿ ಮಾತು ಕೇಳಬೇಕು.

ಸಬ್‌ಟೈಟಲ್ ಅನ್ನು ಚಿತ್ರದೊಳಗೇ ಸೇರಿಸಿಬಿಡಿ. ಇಂಗ್ಲಿಷ್ ಚಿತ್ರಕ್ಕೂ ಬೇಕು. ಕಿವಿ ಮಂದ ಇರುವವರಿಗೆ ಅದಿಲ್ಲದೆ ಚಿತ್ರವೇ ಇಲ್ಲ, ಪಕ್ಕದ ಸಾಲಿನ ನಗುವಿನಲ್ಲಿ ಮಾತು ತಪ್ಪಿಸಿಕೊಂಡವರಿಗೂ ಸಹಾಯ. ಹಾಸ್ಯಕ್ಕೆ ಒಂದು ವಿಶೇಷ ಎಚ್ಚರ ಬೇಕು. ಜೋಕಿನ ಮೊದಲರ್ಧ, ಕೊನೆಯ ಹೊಡೆತ ಎರಡನ್ನೂ ಒಂದೇ ಸಬ್‌ಟೈಟಲ್‌ನಲ್ಲಿ ಹಾಕಿದರೆ ನಟ ಬಾಯಿ ಬಿಡುವ ಮುಂಚೆ ಜನ ಓದಿ ಮುಗಿಸಿರುತ್ತಾರೆ. ಅರ್ಧ ಕೋಣೆ ಮೊದಲೇ ನಗುತ್ತದೆ, ಇನ್ನರ್ಧ ಆಮೇಲೆ. ಅಂಥ ಕಡೆ ಸಾಲನ್ನು ಎರಡಾಗಿ ಒಡೆಯಿರಿ. ಕೊನೆಯ ಹೊಡೆತ ನಟ ಆಡುವ ಕ್ಷಣಕ್ಕೇ ಬರಲಿ. ಕನ್ನಡ ಚಿತ್ರವನ್ನು ಹೊರದೇಶದಲ್ಲಿ ತೋರಿಸುವವರಿಗೆ ಇದು ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ಅಲ್ಲಿ ಜೋಕು ತಲುಪುವುದೇ ಓದಿನಿಂದ. ಮೈಸೂರಿನ ಜಗಲಿಯಲ್ಲಿ ಚೌಕಾಬಾರ ಆಡುವವರ ಕಥೆ ಇಂಡಿಯಾನಾಪೊಲಿಸ್‌ನ ಆಟಗಾರರಿಗೂ ಹಿಡಿಸುತ್ತದೆ ಅಂತ ನಾನು ನಂಬುತ್ತೇನೆ. ಕವಡೆ ಹಾಕಿ ಕಾಯಿ ಹೊಡೆದಾಗ ಆಗುವ ಖುಷಿ ಯಾವ ಆಟಗಾರರಿಗೂ ಹೊಸದಲ್ಲ.

ಹೆಜ್ಜೆ 7: ಜನರನ್ನು ಕರೆಯುವುದು

ಗೋಡೆಗೆ ಪೋಸ್ಟರ್ ಅಂಟಿಸುವ ಮೊದಲು ಕೇಳಿ. ಅನುಮತಿ ಇಲ್ಲದೆ ಅಂಟಿಸಿದರೆ ಕಿತ್ತು ಹಾಕುತ್ತಾರೆ. ಅದರ ಬದಲು ಜೇಬಿನಲ್ಲಿ ಉಳಿಯುವ ವಸ್ತು ಕೊಡಿ. ಆಟದ ಕಾರ್ಡಿನ ಅಳತೆಯಲ್ಲಿ, ಒಂದು ಕಡೆ ಚಿತ್ರದ ಪಾತ್ರ ಮತ್ತು ಅದರ ತಮಾಷೆಯ ಶಕ್ತಿಗಳು, ಇನ್ನೊಂದು ಕಡೆ ದಿನ, ಹೊತ್ತು, ಕೋಣೆ. ಆರು ಪಾತ್ರಕ್ಕೆ ಆರು ಕಾರ್ಡ್ ಮಾಡಿದರೆ ಜನ ಉಳಿದದ್ದನ್ನು ಕೇಳಿಕೊಂಡು ಬರುತ್ತಾರೆ.

ನಟರು ಚಿತ್ರದ ವೇಷದಲ್ಲೇ ಓಡಾಡಲಿ. ಸಾಲಿನಲ್ಲಿ ನಿಂತು ಬೇಸತ್ತವರ ಹತ್ತಿರ ಹೋಗಿ ಮಾತಾಡಲಿ. ಆಟ ಆಡುತ್ತಿರುವ ಮೇಜಿನ ಹತ್ತಿರ ಮಾತ್ರ ಹೋಗಬಾರದು. ನಾಲ್ಕು ಗಂಟೆಯ ಆಟದ ನಡುವೆ ತೊಂದರೆ ಕೊಟ್ಟವರ ಚಿತ್ರಕ್ಕೆ ಆ ಮೇಜಿನಿಂದ ಯಾರೂ ಬರುವುದಿಲ್ಲ. ಸಣ್ಣ ಆಟದ ಪ್ರಕಾಶಕರ ಸ್ನೇಹ ಮಾಡಿಕೊಳ್ಳಿ. ಅವರ ಸ್ಟಾಲಿನಲ್ಲಿ ನಿಮ್ಮ ಕಾರ್ಡ್ ಇರಲಿ, ನಿಮ್ಮ ಶೋದಲ್ಲಿ ಅವರ ಒಂದು ಆಟ ಬಹುಮಾನವಾಗಿ ಇರಲಿ.

ಹೆಜ್ಜೆ 8: ಶೋ ದಿನ

ಬೆಳಗ್ಗೆಯೇ ಕೋಣೆಗೆ ಹೋಗಿ ಪೂರ್ತಿ ಸಲಕರಣೆ ಪರೀಕ್ಷಿಸಿ. ಚಿತ್ರದ ಅತಿ ಮೆಲು ಮಾತು, ಅತಿ ಜೋರು ಸದ್ದು, ಅತಿ ಕತ್ತಲ ದೃಶ್ಯ, ಈ ಮೂರನ್ನೂ ಕೊನೆಯ ಸಾಲಿನಲ್ಲಿ ಕೂತು ನೋಡಿ. ಖಾಲಿ ಕೋಣೆಯಲ್ಲಿ ಸರಿ ಅನ್ನಿಸಿದ ಧ್ವನಿ ಜನ ತುಂಬಿದಾಗ ತಗ್ಗುತ್ತದೆ. ಸ್ವಲ್ಪ ಜೋರು ಇಟ್ಟುಕೊಳ್ಳಿ. ಲ್ಯಾಪ್‌ಟಾಪ್‌ನಲ್ಲಿ ವೈಫೈ, ನೋಟಿಫಿಕೇಷನ್, ಅಪ್‌ಡೇಟ್, ಸ್ಕ್ರೀನ್ ಸೇವರ್ ಎಲ್ಲ ಬಂದ್.

ಮೂರು ಜನ ಬೇಕು. ಬಾಗಿಲಲ್ಲಿ ಒಬ್ಬರು, ಲ್ಯಾಪ್‌ಟಾಪ್ ಹತ್ತಿರ ಒಬ್ಬರು, ಜನರ ಜೊತೆ ಮಾತಾಡಲು ಒಬ್ಬರು. ಬಾಗಿಲಲ್ಲಿರುವವರ ಕೆಲಸ ಎಲ್ಲಕ್ಕಿಂತ ದೊಡ್ಡದು. ಕಾಯ್ದಿರಿಸಿದವರು ಕೆಲವರು ಬರುವುದಿಲ್ಲ. ಜೆನ್ ಕಾನ್‌ನಲ್ಲಿ ಖಾಲಿ ಉಳಿದ ಜಾಗಕ್ಕೆ ಜನರಿಕ್ ಟಿಕೆಟ್, ಅಂದರೆ ಯಾವುದೇ ಒಂದು ಕಾರ್ಯಕ್ರಮಕ್ಕೆಂದು ಗೊತ್ತುಮಾಡದ ಟಿಕೆಟ್, ಹಿಡಿದು ಕಾಯುವವರು ಇರುತ್ತಾರೆ. ಅವರನ್ನು ಹೊತ್ತಿಗೆ ಸರಿಯಾಗಿ ಒಳಗೆ ಬಿಟ್ಟು ಮುಂದಿನ ಸಾಲುಗಳಿಂದ ತುಂಬಿಸಿಕೊಂಡು ಬನ್ನಿ. ಅಗ್ನಿಶಾಮಕ ನಿಯಮದ ಪ್ರಕಾರ ಕೋಣೆಗೆ ಎಷ್ಟು ಜನ ಅಂತ ಇದೆಯೋ ಅಷ್ಟೇ. ನಿಂತು ನೋಡುತ್ತೇವೆ ಅಂದರೂ ಬಿಡುವ ಹಾಗಿಲ್ಲ.

ಪರಿಚಯ ಚುಟುಕಾಗಿರಲಿ. ಬಂದಿದ್ದಕ್ಕೆ ಥ್ಯಾಂಕ್ಸ್ ಹೇಳಿ, ಕೊನೆಗೆ ಪ್ರಶ್ನೋತ್ತರ ಇದೆ ಅನ್ನಿ, ದೀಪ ಆರಿಸಿ. ಬಜೆಟ್ ಕಡಿಮೆ ಇತ್ತು, ಧ್ವನಿ ಅಷ್ಟು ಚೆನ್ನಾಗಿಲ್ಲ ಅಂತ ಕ್ಷಮೆ ಕೇಳಬೇಡಿ. ಹೇಳಿದರೆ ಜನ ಅದನ್ನೇ ಹುಡುಕುತ್ತಾ ಕೂರುತ್ತಾರೆ. ಅನುಮಾನದಲ್ಲಿ ಕೂತವರು ನಗುವುದಿಲ್ಲ.

ಚಿತ್ರ ಮುಗಿದ ಕೂಡಲೇ ಪರದೆಯ ಮೇಲೆ ಒಂದು ಕ್ಯೂಆರ್ ಕೋಡ್ ನಿಲ್ಲಿಸಿ. ಅದರಿಂದ ಜನ ಇಮೇಲ್ ಕೊಡುವ ಹಾಗಿರಲಿ. ಕೋಣೆಯೊಳಗೆ ಡಿಸ್ಕ್, ಟೀಶರ್ಟ್ ಮಾರಬಹುದೇ ಅಂತ ಮೊದಲೇ ಕೇಳಿ. ಮಾರಾಟ ಸ್ಟಾಲ್ ಬಾಡಿಗೆಗೆ ಪಡೆದವರಿಗೆ ಮಾತ್ರ ಅನ್ನುವ ನಿಯಮ ಇರಬಹುದು.

ಇದೇ ಕೆಲಸ ಬೆಂಗಳೂರಿನಲ್ಲಿ ಮಾಡುವುದಾದರೆ

ಮೇಲಿನ ಬಹುಪಾಲು ಮಾತು ಇಲ್ಲಿಗೂ ಸಲ್ಲುತ್ತದೆ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಭಾರತದಲ್ಲಿ ಸಾರ್ವಜನಿಕವಾಗಿ ತೋರಿಸುವ ಚಿತ್ರಕ್ಕೆ ಸೆನ್ಸಾರ್ ಸರ್ಟಿಫಿಕೇಟ್ ಬೇಕು. ಚಲನಚಿತ್ರೋತ್ಸವಗಳಿಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ವಿನಾಯಿತಿ ಕೊಡುತ್ತದೆ. ಅದನ್ನು ಕೇಳಿ ಪಡೆಯಬೇಕು, ತಾನಾಗಿ ಬರುವುದಿಲ್ಲ. ಗೇಮಿಂಗ್ ಮೇಳದಲ್ಲಿ ಒಂದು ಕೋಣೆ ಸಿಕ್ಕಿತು ಅಂದ ಮಾತ್ರಕ್ಕೆ ಆ ವಿನಾಯಿತಿ ನಿಮಗೆ ಸಿಕ್ಕ ಹಾಗಲ್ಲ. ಸೆನ್ಸಾರ್ ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲೇ ಇದೆ, ಕೆಲವು ತಿಂಗಳು ಮುಂಚೆ ಅರ್ಜಿ ಹಾಕಿ.

ಹೆಜ್ಜೆ 9: ನಗುವನ್ನು ರೆಕಾರ್ಡ್ ಮಾಡಿ

ಗುರುವಾರದ ಶೋದಲ್ಲಿ ಕೋಣೆಯ ಮುಂದೆ ಒಂದು ಸಣ್ಣ ರೆಕಾರ್ಡರ್ ಇಡಿ, ಜನರ ಕಡೆ ಮುಖ ಮಾಡಿ. ರೆಕಾರ್ಡ್ ಆಗುತ್ತಿದೆ ಅಂತ ಶುರುವಿನಲ್ಲೇ ಹೇಳಿ. ಆ ರಾತ್ರಿಯೇ ಆ ಧ್ವನಿಯನ್ನು ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಚಿತ್ರದ ಕೆಳಗೆ ಜೋಡಿಸಿ. ನಗು ಎಲ್ಲಿ ಎದ್ದಿತು, ಎಷ್ಟು ಸೆಕೆಂಡ್ ಇತ್ತು, ಯಾವ ಮಾತನ್ನು ಮುಚ್ಚಿ ಹಾಕಿತು ಅನ್ನುವುದು ಕಣ್ಣಿಗೇ ಕಾಣುತ್ತದೆ.

ನಗು ಮುಂದಿನ ಮಾತನ್ನು ನುಂಗಿದ ಕಡೆ ಒಂದೂವರೆ, ಎರಡು ಸೆಕೆಂಡಿನ ಪ್ರತಿಕ್ರಿಯೆಯ ಶಾಟ್ ಸೇರಿಸಿ. ನಗು ಬರಲೇಬೇಕಿದ್ದ ಕಡೆ ಬರದಿದ್ದರೆ ತಕ್ಷಣ ಕತ್ತರಿ ಹಾಕಬೇಡಿ. ಮೊದಲು ಆ ಮಾತು ಸರಿಯಾಗಿ ಕೇಳಿಸಿತೇ ಅಂತ ನೋಡಿ. ಧ್ವನಿ ಸರಿಪಡಿಸಿದ ಮೇಲೆ ಶನಿವಾರವೂ ಕೋಣೆ ಸುಮ್ಮನಿದ್ದರೆ ಆ ಜೋಕು ತೆಗೆಯಿರಿ. ಶುಕ್ರವಾರ ರಾತ್ರಿ ಹೋಟೆಲ್ ಕೋಣೆಯಲ್ಲಿ ಕೂತು ಹೊಸ ಫೈಲ್ ಮಾಡುವವರು ಒಂದು ನಿಯಮ ಪಾಲಿಸಿ. ಹೊಸ ಪ್ರತಿಯನ್ನು ಮೊದಲಿಂದ ಕೊನೆವರೆಗೆ ಒಮ್ಮೆ ಪೂರ್ತಿ ನೋಡದೆ ಓಡಿಸಬೇಡಿ, ಗುರುವಾರದ ಫೈಲನ್ನು ಅಳಿಸಬೇಡಿ.

ಸೋಮವಾರ ಇಮೇಲ್ ಕೊಟ್ಟ ಎಲ್ಲರಿಗೂ ಎರಡು ಸಾಲು ಬರೆಯಿರಿ. ಚಿತ್ರ ಎಲ್ಲಿ, ಯಾವಾಗ ಮತ್ತೆ ಸಿಗುತ್ತದೆ ಅಂತ ಅದರಲ್ಲಿರಲಿ. ಸಿನಿಮಾ ವಿಭಾಗದವರಿಗೆ ಬೇರೆ ಪತ್ರ. ಎಷ್ಟು ಜನ ಬಂದರು, ಎಷ್ಟು ಜನ ಜಾಗ ಸಿಗದೆ ವಾಪಸ್ ಹೋದರು ಅನ್ನುವ ಲೆಕ್ಕ ಅದರಲ್ಲಿರಲಿ. ಮುಂದಿನ ಸಲ ಯಾವ ಕೋಣೆ, ಯಾವ ಹೊತ್ತು ಅನ್ನುವ ಮಾತು ಆ ಲೆಕ್ಕದಿಂದಲೇ ಶುರುವಾಗುತ್ತದೆ.